ಬಿಳಿಯ ಬಾವುಟದ ಧರ್ಮ

ಮಾತಿಗೆ ತಪ್ಪಿದವನೊಡನೆ ಮಾತಿಗೆ ಕಟ್ಟುಬೀಳಬೇಕೆ ಎಂಬ ಪ್ರಶ್ನೆಯು ಬಹಳ ಹಳೆಯದು. ನಿತ್ಯವ್ಯವಹಾರದಲ್ಲಿ ಇದರಿಂದ ಹಣವೋ ಸ್ನೇಹವೋ ನಷ್ಟವಾದೀತು. ರಣರಂಗದಲ್ಲಿ ಪ್ರಾಣವೇ ಪಣವಾಗುತ್ತದೆ.

ಕಾರವಾರದ ಕಡಲಿನಲ್ಲಿ ಅಂಜದೀವವೆಂಬ ಪುಟ್ಟ ದ್ವೀಪವಿದೆ. 1961ರ ವರೆಗೆ ಅದು ಪೋರ್ತುಗೀಸರ ಅಧೀನದಲ್ಲಿತ್ತು. ಆ ವರ್ಷದ ನವೆಂಬರಿನಲ್ಲಿ ಅಲ್ಲಿಂದ ಹಾರಿದ ಗುಂಡಿಗೆ ಬೆಸ್ತನೊಬ್ಬನು ಬಲಿಯಾದನು. ಡಿಸೆಂಬರ್ 18ರಂದು ಭಾರತದ ಸೇನೆಯು ಗೋವೆಯನ್ನು ಹೊಕ್ಕಿತು. ಅದನ್ನು ಭಾರತವು ವಿಮೋಚನೆಯೆಂದಿತು, ಪೋರ್ತುಗಲ್ಲು ಆಕ್ರಮಣವೆಂದಿತು. ಅದೇ ದಿನ ‘ತ್ರಿಶೂಲ’, ‘ಮೈಸೂರು’ ಎಂಬ ಯುದ್ಧನೌಕೆಗಳ ಬೆಂಬಲದೊಡನೆ ನಾವಿಕರ ತಂಡವು ದ್ವೀಪಕ್ಕೆ ಇಳಿಯಿತು. ಭಾರತೀಯ ವೃತ್ತಾಂತಗಳು ಹೇಳುವಂತೆ, ದ್ವೀಪದಲ್ಲಿ ಬಿಳಿಯ ಬಾವುಟವು ಕಾಣಿಸಿತು. ಅದನ್ನು ನಂಬಿ ದಡಕ್ಕೆ ಬಂದವರ ಮೇಲೆ ಗುಂಡಿನ ಮಳೆ ಸುರಿಯಿತು. ಏಳು ಮಂದಿ ನಾವಿಕರು ಮಡಿದರು. ಹಡಗಿನ ಫಿರಂಗಿಗಳು ಉತ್ತರವಿತ್ತವು. ಮರುದಿನ ಮಧ್ಯಾಹ್ನ ದ್ವೀಪವು ವಶವಾಯಿತು.

ಒಡನಾಡಿಗಳನ್ನು ಹೀಗೆ ಕಳೆದುಕೊಂಡವರು, ಮರುದಿನ ಕೈಯೆತ್ತಿ ಬಂದ ಶತ್ರುವನ್ನು ಉಳಿಸಬೇಕೆ? ಉಳಿಸಬೇಕೆಂದು ಹೇಳುವುದು ದೂರದಲ್ಲಿ ಕುಳಿತವರಿಗೆ ಸುಲಭ. ಏಳು ಮನೆಗಳ ದುಃಖವನ್ನು ನೀತಿವಾಕ್ಯವು ತಣಿಸಲಾರದು. ಆದುದರಿಂದ ಮೊದಲು ಒಂದು ಭೇದವನ್ನು ತಿಳಿಯಬೇಕು: ನಂಬಿಕೆ ಬೇರೆ, ಅಭಯ ಬೇರೆ. ವಂಚಿತನಾದವನು ಕೋವಿಯನ್ನು ಕೆಳಗಿಡದೆಯೇ ಸಮೀಪಿಸಲಿ, ಅದರಲ್ಲಿ ದೋಷವಿಲ್ಲ. ಆದರೆ ಆಯುಧವನ್ನು ಚೆಲ್ಲಿದವನನ್ನು ಕೊಲ್ಲುವ ಅಧಿಕಾರವು ವಂಚನೆಯಿಂದ ಹುಟ್ಟುವುದಿಲ್ಲ.

1907ರ ಹೇಗ್ ನಿಬಂಧನೆಗಳು ಬಿಳಿಯ ಬಾವುಟದ ದುರುಪಯೋಗವನ್ನೂ ಶರಣಾಗತನ ವಧೆಯನ್ನೂ ಒಂದೇ ವಿಧಿಯಲ್ಲಿ ನಿಷೇಧಿಸಿವೆ. ಒಂದು ಮುರಿದರೆ ಇನ್ನೊಂದು ಸಡಿಲವಾಗುವುದೆಂದು ಹೇಳಿಲ್ಲ. ಗುಂಡು ಹಾರಿಸಿದವನೊಬ್ಬನು, ಕೈಯೆತ್ತಿದವನು ಮತ್ತೊಬ್ಬನಿರಬಹುದು. ಶರಣಾದರೂ ಸಾವು ತಪ್ಪದೆಂದು ತಿಳಿದವನಾದರೋ ಕೊನೆಯ ಗುಂಡಿನ ವರೆಗೂ ಕಾದುವನು. ಅಪರಾಧಿಯು ನಿಸ್ಸಂದೇಹವಾಗಿ ಕೈಗೆ ಸಿಕ್ಕಿದರೆ? ಮಲಗಿದ್ದ ಮಕ್ಕಳನ್ನು ಕೊಂದ ಅಶ್ವತ್ಥಾಮನ ಶಿರೋಮಣಿಯನ್ನು ಪಾಂಡವರು ಕಸಿದುಕೊಂಡರು, ಪ್ರಾಣವನ್ನು ಬಿಟ್ಟರು. ದಂಡನೆಯುಂಟು, ಕೊಲೆಯಿಲ್ಲ.

ಅಂಜದೀವದಲ್ಲಿಯೂ ಶತ್ರುಗಳು ಸೆರೆಯಾಳುಗಳಾದರು. ತಪ್ಪಿಸಿಕೊಂಡ ಸಿಪಾಯಿಯೊಬ್ಬನು ಈಜಿ ಭಾರತದ ತೀರವನ್ನು ಸೇರಿದನು. ಡಿಸೆಂಬರ್ 22ರಂದು ಅವನನ್ನೂ ಜೀವಸಹಿತ ಹಿಡಿದರು.

ಗೌರಿಬಿದನೂರು ಸೀಮೆಗೆ ಈ ಧರ್ಮವು ಅಪರಿಚಿತವಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ನಿರಾಯುಧರ ಮೇಲೆ ಪೊಲೀಸರ ಗುಂಡುಗಳು ಹಾರಿದವು. ನಿರಾಯುಧನನ್ನು ಕೊಲ್ಲುವುದು ಅಧರ್ಮವೆಂದು ಅಂದು ನೊಂದು ಅರಿತ ನಾಡು ಇದು. ಆ ಅರಿವು ನಮ್ಮವರ ಮಟ್ಟಿಗೆ ಮಾತ್ರ ನಿಂತರೆ ಅದು ಶೋಕವಾದೀತು. ಶತ್ರುವಿಗೂ ಸಲ್ಲುವಾಗಲೇ ಧರ್ಮವಾಗುತ್ತದೆ.