ಸಿಸ್ಟರಮ್ಮನ ತ್ಯಾಗ, ಆಶಾ ಕಾರ್ಯಕರ್ತೆಯ ಬಾಕಿ

ಮಂಡ್ಯದ ಸಭಾಂಗಣವಿರಲಿ, ಮದ್ದೂರಿನ ಶಾಮಿಯಾನವಿರಲಿ, ದಾದಿಯರನ್ನೋ ಆಶಾ ಕಾರ್ಯಕರ್ತೆಯರನ್ನೋ ಸನ್ಮಾನಿಸುವ ಸಮಾರಂಭವೆಂದರೆ ಭಾಷಣದಲ್ಲಿ ಒಂದು ಹೆಸರು ಬಂದೇ ಬರುತ್ತದೆ: ಮದರ್ ತೆರೇಸಾ. ಆಕೆಯನ್ನು ಮನಸಾರೆ ಹೊಗಳಿ, ಕೆಳಗೆ ಕೂತ ಹೆಂಗಸರಿಗೆ ‘ನೀವೂ ಹಾಗೆಯೇ ಸೇವೆ ಮಾಡಿ’ ಎಂದು ಹೇಳಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಾರೆ. ಅದೇ ಹೆಂಗಸರು ಗೌರವಧನ ಹೆಚ್ಚಿಸಿ ಎಂದು ಬೀದಿಗಿಳಿದರೆ ಮಾತಿನ ಧಾಟಿಯೇ ಬೇರೆ. ಸೇವೆಗೆ ಬೆಲೆ ಕಟ್ಟಬಾರದಂತೆ.

ಇಲ್ಲಿ ಒಂದು ಗಂಭೀರವಾದ ತತ್ತ್ವವನ್ನು ಯಾರಿಗೂ ಗೊತ್ತಾಗದಂತೆ ಬುಡಮೇಲು ಮಾಡಲಾಗಿದೆ. ಅದನ್ನು ‘ಕರ್ತವ್ಯವನ್ನು ಮೀರಿದ ಒಳಿತು’ ಎನ್ನೋಣ. ಮಾಡಿದರೆ ಮೆಚ್ಚಬೇಕು, ಮಾಡದಿದ್ದರೆ ಬಯ್ಯುವಂತಿಲ್ಲ, ಅಂಥ ಕೆಲಸ. ಬ್ರಿಟಿಷ್ ತತ್ತ್ವಜ್ಞ ಜೆ.ಒ. ಅರ್ಮ್‌ಸನ್ 1958ರಲ್ಲಿ ಸಂತರನ್ನೂ ವೀರರನ್ನೂ ಕುರಿತು ಬರೆದ ಸಣ್ಣ ಪ್ರಬಂಧವೊಂದು ಈ ಚರ್ಚೆಗೆ ಮತ್ತೆ ಜೀವ ಕೊಟ್ಟಿತು. ನೀತಿಶಾಸ್ತ್ರ ಎಲ್ಲ ಕೆಲಸಗಳನ್ನೂ ಮಾಡಲೇಬೇಕಾದವು, ಮಾಡಬಾರದವು, ಮಾಡಿದರೂ ಬಿಟ್ಟರೂ ಒಂದೇ ಆದವು ಎಂದು ಮೂರೇ ಪಾಲು ಮಾಡಿ ಕೂತಿದೆ, ಪ್ಲೇಗಿನ ಊರಿಗೆ ತಾನಾಗಿ ಹೊರಟು ನಿಂತ ವೈದ್ಯನಿಗೆ ಅದರಲ್ಲಿ ಜಾಗವೇ ಇಲ್ಲ ಎಂಬುದು ಆತನ ತಕರಾರು.

ನಮ್ಮ ಮೀಮಾಂಸಕರಿಗೆ ಇದರ ಅರ್ಧ ಗೊತ್ತಿತ್ತು. ನಿತ್ಯಕರ್ಮವನ್ನು ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ದೋಷ. ಕಾಮ್ಯಕರ್ಮವನ್ನು ಮಾಡಿದರೆ ಫಲ, ಬಿಟ್ಟರೆ ದೋಷವಿಲ್ಲ. ಮೇಲ್ನೋಟಕ್ಕೆ ಎರಡನೆಯದೇ ಅರ್ಮ್‌ಸನ್ ಹುಡುಕುತ್ತಿದ್ದ ಜಾಗ ಎನ್ನಿಸುತ್ತದೆ. ಆದರೆ ಕಾಮ್ಯಕ್ಕೆ ಕಾಮನೆ ಬೇಕು: ಮಳೆಯೋ ಮಗುವೋ ಸ್ವರ್ಗವೋ. ಕುಷ್ಠರೋಗಿಯ ಹುಣ್ಣು ತೊಳೆಯುವವಳಿಗೆ ಅದರಿಂದ ಏನು ಬೇಕಾಗಿದೆ? ‘ಸ್ವರ್ಗ ಬೇಕಾಗಿದೆ’ ಎಂದು ಥಟ್ಟನೆ ಹೇಳುವವರು ಅಂಥವರನ್ನು ಹತ್ತಿರದಿಂದ ಕಂಡಿರಲಾರರು.

ಈಗ ಸಿಸ್ಟರಮ್ಮನ ವಿಷಯಕ್ಕೆ ಬರೋಣ. ಮಂಡ್ಯ, ಮಳವಳ್ಳಿ ಕಡೆಯವರಿಗೆ ಕ್ರೈಸ್ತ ಸನ್ಯಾಸಿನಿಯರು ಹೊಸಬರಲ್ಲ. ಅವರ ಶಾಲೆಗಳಲ್ಲಿ ಓದಿದವರು, ಅವರಿಂದ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡವರು ಎಲ್ಲ ಜಾತಿಗಳಲ್ಲೂ ಇದ್ದಾರೆ. ಹಳೇ ಮೈಸೂರು ಸೀಮೆಗೆ ಈ ಪರಿಚಯ ಇನ್ನೂ ಹಿಂದಿನದು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು ಆರಂಭಿಸಿದ್ದು 1886ರಲ್ಲಿ. ಅವರಲ್ಲೊಬ್ಬರನ್ನು ಹಿಡಿದು ನಿಲ್ಲಿಸಿ, ಇಷ್ಟೆಲ್ಲ ಏಕೆ ಮಾಡುತ್ತೀರಿ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ನನ್ನ ಕರ್ತವ್ಯ ಅಷ್ಟೇ’. ಅರ್ಮ್‌ಸನ್ನನ ವೈದ್ಯನೂ ಹಾಗೇ ಹೇಳುತ್ತಾನೆ. ಅದು ವಿನಯದ ಮಾತು, ಅಕ್ಷರಶಃ ನಿಜವಾಗಿರಲಾರದು ಎಂದು ಅರ್ಮ್‌ಸನ್ ತೀರ್ಮಾನಿಸಿಬಿಡುತ್ತಾನೆ.

ಸನ್ಯಾಸಿನಿಯ ಮಟ್ಟಿಗೆ ಈ ತೀರ್ಮಾನ ತಪ್ಪು. ಆಕೆ ನಿಜವನ್ನೇ ಹೇಳುತ್ತಿದ್ದಾಳೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಕೆಥೊಲಿಕ್ ಸಂಪ್ರದಾಯ ಯಾರಿಗೂ ಕಡ್ಡಾಯ ಮಾಡಿಲ್ಲ. ಆಜ್ಞೆಗಳು ಎಲ್ಲರಿಗೂ, ಈ ವ್ರತಗಳು ಒಪ್ಪಿಕೊಂಡವರಿಗೆ ಮಾತ್ರ. ಒಪ್ಪಿಕೊಂಡ ಮೇಲೆ ಮಾತ್ರ ಅವು ಕಟ್ಟುಪಾಡು. ಹಾಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ವಾರ್ಡಿಗೆ ಹೋಗುವುದು ಆಕೆಯ ಪಾಲಿಗೆ ಕರ್ತವ್ಯವೇ, ಕೊಡುಗೆಯಲ್ಲ. ಕೊಡುಗೆ ವ್ರತದಲ್ಲಿದೆ. ಇಡೀ ಬದುಕನ್ನು ಒಂದೇ ಸಲಕ್ಕೆ ಕೊಟ್ಟವಳಿಗೆ ಪ್ರತಿ ದಿನ ‘ಹೆಚ್ಚಿಗೆ’ ಕೊಡಲು ಏನುಳಿದಿರುತ್ತದೆ?

ಈ ಕೊಡುಗೆ ನಿಜಕ್ಕೂ ಸ್ವಇಚ್ಛೆಯದೇ ಎಂದು ಖಾತ್ರಿ ಮಾಡಿಕೊಳ್ಳಲು ಚರ್ಚ್ ಎಷ್ಟು ನಿಧಾನಿಸುತ್ತದೆ ನೋಡಿ. ನವದೀಕ್ಷಿತೆಯಾಗಿ ಕನಿಷ್ಠ ಒಂದು ವರ್ಷ. ಬಳಿಕ ತಾತ್ಕಾಲಿಕ ವ್ರತ, ಅದು ಮೂರು ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಆಮೇಲಷ್ಟೇ ಆಜೀವ ವ್ರತ. ಅಷ್ಟರೊಳಗೆ ಮನಸ್ಸು ಬದಲಾದವಳು ಅವಧಿ ಮುಗಿದಾಗ ತಲೆ ಎತ್ತಿಕೊಂಡೇ ಮನೆಗೆ ಹೋಗಬಹುದು. ಇನ್ನೊಂದು ಸಂಗತಿ: ವ್ರತ ತೊಟ್ಟವಳ ಊಟ, ಸೂರು, ಕಾಯಿಲೆ, ಮುಪ್ಪು ಎಲ್ಲವೂ ಅವಳ ಸಭೆಯ ಹೊಣೆ. ಸಂಬಳವಿಲ್ಲದ ಆ ದುಡಿಮೆಯ ಬೆನ್ನಿಗೆ ಒಂದು ಮನೆಯಿದೆ. ನಮ್ಮ ಭಾಷಣಕಾರರ ಬಾಯಲ್ಲಿ ಈ ಭಾಗ ಬರುವುದೇ ಇಲ್ಲ.

ಆಶಾ ಕಾರ್ಯಕರ್ತೆ ಯಾವ ವ್ರತ ತೊಟ್ಟಿದ್ದಾಳೆ? 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಅವಳನ್ನು ಸ್ವಯಂಸೇವಕಿ ಎಂದು ಕರೆದರು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳು. ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ. ಗರ್ಭಿಣಿಯರ ಪಟ್ಟಿ, ಲಸಿಕೆ, ಮನೆಮನೆ ಸಮೀಕ್ಷೆ ಎಲ್ಲವೂ ಅವಳ ತಲೆಗೆ. ವರದಿ ತಡವಾದರೆ ಮೇಲಿನವರಿಂದ ಬೈಗುಳ. ಕೆಲಸ ತಪ್ಪಿದರೆ ಬೈಗುಳವಿದೆ ಎಂದ ಮೇಲೆ ಅದು ಕರ್ತವ್ಯ. ಕರ್ತವ್ಯವೆಂದ ಮೇಲೆ ಅದರ ಎದುರು ಬದಿಯಲ್ಲಿ ಒಂದು ಬಾಕಿ ಇದ್ದೇ ಇರುತ್ತದೆ. ಅವಳಿಂದ ವಸೂಲಿ ಮಾಡುವಾಗ ಅದನ್ನು ಕರ್ತವ್ಯವೆಂದೂ, ಅವಳಿಗೆ ಕೊಡುವಾಗ ಸೇವೆಯೆಂದೂ ಲೆಕ್ಕ ಬರೆದರೆ ಹೇಗೆ? 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತ ಆಶಾ ಕಾರ್ಯಕರ್ತೆಯರು ಕೇಳಿದ್ದು ಇದನ್ನೇ.

ಬಾಕಿ ಎಂದರೇನೆಂದು ಮಂಡ್ಯದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬು ಸಾಗಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ತಿಂಗಳುಗಟ್ಟಲೆ ಸತಾಯಿಸಿದ ಕಾರ್ಖಾನೆಯವರು ಕೊನೆಗೆ ಹಣ ಕೊಟ್ಟು, ಅದನ್ನು ದಾನವೆಂದು ಕರೆದು ಹಾರ ಹಾಕಿಸಿಕೊಂಡರೆ ರೈತ ಸುಮ್ಮನಿರುತ್ತಾನೆಯೇ?

ಈ ಜಾಗದಲ್ಲಿ ಪೀಟರ್ ಸಿಂಗರ್ ಎಂಬ ತತ್ತ್ವಜ್ಞನ ಜೊತೆ ನನಗೆ ಜಗಳವಿದೆ. 1972ರ ತನ್ನ ಪ್ರಸಿದ್ಧ ಲೇಖನದಲ್ಲಿ ಆತ ಕೊಳದಲ್ಲಿ ಮುಳುಗುತ್ತಿರುವ ಮಗುವಿನ ಉದಾಹರಣೆ ಕೊಡುತ್ತಾನೆ. ಬಟ್ಟೆ ಕೆಸರಾದರೂ ಇಳಿದು ಎತ್ತಲೇಬೇಕು ತಾನೆ? ಹಾಗಾದರೆ ದೂರದ ಹಸಿದವರಿಗೆ ಹಣ ಕೊಡುವುದೂ ಕರ್ತವ್ಯವೇ, ದಾನವೆಂದು ಬೀಗಬೇಡಿ ಎನ್ನುತ್ತಾನೆ. ವಾದ ಚುರುಕಾಗಿದೆ, ಕೊಡದೆ ಕೂತವರಿಗೆ ಚುಚ್ಚುತ್ತದೆ. ಆದರೆ ಆ ಕೊಳದ ಸುತ್ತ ಊರಿಲ್ಲ, ಪಂಚಾಯಿತಿಯಿಲ್ಲ, ನೀರಾವರಿ ಇಲಾಖೆಯಿಲ್ಲ. ಇರುವುದು ದಾರಿಹೋಕ ಮತ್ತು ಮಗು, ಇಬ್ಬರೇ.

ಕೊಳವನ್ನು ಬಿಟ್ಟು ನಮ್ಮ ವಿಶ್ವೇಶ್ವರಯ್ಯ ನಾಲೆಗೆ ಬನ್ನಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಇದ್ದರು. ಆಮೇಲೂ ಈ ನಾಲೆಗೆ ಕಾರುಗಳು ಬಿದ್ದಿವೆ. ಅಂಥ ಹೊತ್ತಿನಲ್ಲಿ ಈಜು ಬಲ್ಲವನೊಬ್ಬ ಜೀವದ ಹಂಗು ತೊರೆದು ತುಂಬಿದ ನೀರಿಗೆ ಹಾರಿದ ಎಂದಿಟ್ಟುಕೊಳ್ಳಿ. ಅವನದು ಕರ್ತವ್ಯವನ್ನು ಮೀರಿದ ಒಳಿತು. ಹಾರದೆ ದಡದಲ್ಲಿ ನಿಂತವನನ್ನು ನಾವು ಬಯ್ಯಲಾರೆವು. ನಾಲೆಯ ಏರಿಯ ಮೇಲೆ ತಡೆಗೋಡೆ ಕಟ್ಟುವುದು ಮಾತ್ರ ಬಾಕಿ, ಯಾರು ಕೊಡಬೇಕಾದ ಬಾಕಿ ಎಂಬುದೂ ಗೊತ್ತಿದೆ. ಸಿಂಗರನ ಲೆಕ್ಕದಲ್ಲಿ ಇವೆರಡೂ ಒಂದೇ ಚೀಲಕ್ಕೆ ಬೀಳುತ್ತವೆ, ಏಕೆಂದರೆ ಆತ ಕೇಳುವ ಮೊದಲ ಪ್ರಶ್ನೆ ‘ನೀನೆಷ್ಟು ಕೊಡಬಲ್ಲೆ’ ಎಂಬುದು. ‘ಇದು ಯಾರ ಹೊಣೆ’ ಎಂಬ ಪ್ರಶ್ನೆ ಅಲ್ಲಿ ಹಿಂದೆ ಬೀಳುತ್ತದೆ. ವೇದಿಕೆಯ ಮೇಲಿನ ನಮ್ಮವರು ಅದನ್ನೇ ತಿರುವಿಹಾಕುತ್ತಾರೆ. ಸಿಂಗರ್ ಕೊಡುಗೆಯನ್ನೆಲ್ಲ ಬಾಕಿ ಮಾಡಿದರೆ, ಇವರು ಬಾಕಿಯನ್ನೆಲ್ಲ ಕೊಡುಗೆ ಮಾಡುತ್ತಾರೆ. ನಾಲೆಗೆ ಹಾರಿದವನಿಗೆ ಪದಕ ಕೊಟ್ಟ ದಿನ ತಡೆಗೋಡೆಯ ಸುದ್ದಿ ಎತ್ತಿದವನು ಅಪಶಕುನದವನಾಗುತ್ತಾನೆ.

ತ್ಯಾಗವಿದ್ದರೆ ಸಾಕು, ಸಂಬಳ ಸವಲತ್ತು ತರಬೇತಿ ಎಲ್ಲ ಆಮೇಲೆ ಎನ್ನುವವರಿಗೆ ಮೇರಿ ಗ್ಲೌರಿಯ ಬದುಕನ್ನು ತೋರಿಸಬೇಕು. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಅಲ್ಲೇ ವೈದ್ಯಳಾಗಿ, 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸಿನಿಯಾದವಳು. ಆ ಕಾಲಕ್ಕೆ ಸನ್ಯಾಸಿನಿಯರು ವೈದ್ಯವೃತ್ತಿ ಮಾಡಲು ಚರ್ಚಿನ ಕಾನೂನೇ ಅಡ್ಡಿ. ಆಕೆಗೆ ಪೋಪರ ವಿಶೇಷ ಅನುಮತಿ ಬೇಕಾಯಿತು. ಹೆರಿಗೆಯ ಕೆಲಸಕ್ಕೂ ವೈದ್ಯಕೀಯಕ್ಕೂ ಸನ್ಯಾಸಿನಿಯರಿಗೆ ದಾರಿ ಸಲೀಸಾಗಿ ತೆರೆದದ್ದು 1936ರಲ್ಲಿ. ಆಕೆ ರೋಗಿಗಳ ಶುಶ್ರೂಷೆಗೆ ನಿಂತುಬಿಡಲಿಲ್ಲ. 1943ರಲ್ಲಿ ಕೆಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದಳು, ವೈದ್ಯಕೀಯ ಕಾಲೇಜು ಬೇಕೆಂದು ಹಂಬಲಿಸಿದಳು. 1957ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡಳು. ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ತನ್ನ ತ್ಯಾಗವನ್ನು ಬೇರೆಯವರ ಕೂಲಿಯ ಅಳತೆಗೋಲಾಗಿ ಬಳಸಲು ಇಂಥವಳು ಒಪ್ಪುತ್ತಿದ್ದಳೆಂದು ನನಗನ್ನಿಸುವುದಿಲ್ಲ.

ಬೈಬಲ್ಲಿನ ದಯಾಳು ಸಮಾರ್ಯನ ಕಥೆಯಲ್ಲೂ ನಮ್ಮವರು ಸಮಾರ್ಯನನ್ನಷ್ಟೇ ನೋಡುತ್ತಾರೆ, ಛತ್ರದವನನ್ನು ಮರೆಯುತ್ತಾರೆ. ಗಾಯಗೊಂಡವನನ್ನು ಛತ್ರಕ್ಕೆ ತಂದ ಸಮಾರ್ಯ ಮರುದಿನ ಎರಡು ನಾಣ್ಯ ತೆಗೆದುಕೊಟ್ಟು, ಖರ್ಚು ಹೆಚ್ಚಾದರೆ ಹಿಂತಿರುಗುವಾಗ ತೀರಿಸುತ್ತೇನೆ ಎಂದು ಹೇಳಿ ಹೋದ. ಆರೈಕೆ ಮಾಡುವವನಿಗೆ ಆರೈಕೆಯ ಹಣ ಸಲ್ಲಬೇಕೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಹಾಗೆಂದು ಆಶಾ ಕಾರ್ಯಕರ್ತೆಯದು ಬರೀ ಕೂಲಿಯ ಲೆಕ್ಕ, ಕರ್ತವ್ಯವನ್ನು ಮೀರುವುದು ಕಾವಿಯೋ ಶಿಲುಬೆಯೋ ಧರಿಸಿದವರಿಗೆ ಮಾತ್ರ ಸಾಧ್ಯ ಎಂದಲ್ಲ. ಮಳವಳ್ಳಿ ಕಡೆಯ ಒಂದು ಹಳ್ಳಿಯಿಂದ ನಡುರಾತ್ರಿ ಗರ್ಭಿಣಿಯನ್ನು ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆತಂದ ಮೇಲೆ ಅವಳ ಕೆಲಸ ಮುಗಿಯಿತು. ಆದರೂ ಆ ಹುಡುಗಿಗೆ ತಾಯಿಯಿಲ್ಲವೆಂದು ಬೆಳಗಿನವರೆಗೆ ಪಕ್ಕದಲ್ಲೇ ಕೂರುತ್ತಾಳಲ್ಲ, ಅದು ಯಾರ ಸುತ್ತೋಲೆಯಲ್ಲೂ ಇಲ್ಲ, ಯಾವ ಪ್ರೋತ್ಸಾಹಧನದ ಪಟ್ಟಿಯಲ್ಲೂ ಇಲ್ಲ. ಅದು ಅವಳ ಕೊಡುಗೆ. ಅದಕ್ಕೆ ಅವಳು ಬಿಲ್ಲು ಬರೆಯುವುದೂ ಇಲ್ಲ. ಆದರೆ ತಿಂಗಳ ಹಣವೇ ಬಾರದಿದ್ದಾಗ ಅವಳ ಆ ರಾತ್ರಿಯೂ ಬಾಕಿಯ ಪಟ್ಟಿಯೊಳಗೇ ಸೇರಿಹೋಗುತ್ತದೆ. ಯಾವುದು ಅವಳಿಂದ ಕಿತ್ತುಕೊಂಡದ್ದು, ಯಾವುದು ಅವಳಾಗಿ ಕೊಟ್ಟದ್ದು ಎಂದು ಆಗ ಸನ್ಮಾನಿಸುವವರಿಗಿರಲಿ, ಅವಳಿಗೇ ಹೇಳಲು ಕಷ್ಟ.