‘ಅತ್ಯುತ್ತಮ’ವೆಂಬ ಏಕಾಂತ: ಪ್ರೊಸೆಸರ್ ಆಯ್ಕೆ ಮತ್ತು ಜೈನ ನಯವಾದ

ಒಂದು ವಸ್ತು ಮತ್ತೊಂದಕ್ಕಿಂತ ಉತ್ತಮವೆಂದು ಹೇಳಿ, ಯಾವ ದೃಷ್ಟಿಯಿಂದ ಉತ್ತಮವೆಂಬುದನ್ನು ಹೇಳದೆ ಬಿಟ್ಟರೆ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು ಭಾರತೀಯ ತರ್ಕಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಇದಕ್ಕೆ ಅತ್ಯಂತ ವ್ಯವಸ್ಥಿತವಾದ ಉತ್ತರ ಕೊಟ್ಟವರು ಜೈನ ಆಚಾರ್ಯರು. ವಸ್ತುವಿಗೆ ಅನಂತ ಧರ್ಮಗಳಿರುವುದರಿಂದ ಒಂದು ಹೇಳಿಕೆ ಅದರ ಒಂದು ಮುಖವನ್ನಷ್ಟೇ ಹಿಡಿಯಬಲ್ಲದು, ಹಾಗೆ ಹಿಡಿಯುವ ದೃಷ್ಟಿಗೆ ‘ನಯ’ವೆಂದು ಹೆಸರು, ಆ ಒಂದು ಮುಖವೇ ಪೂರ್ಣ ವಸ್ತುವೆಂದು ಸಾಧಿಸಹೊರಟು ಉಳಿದ ಮುಖಗಳನ್ನು ಅಲ್ಲಗಳೆದರೆ ಅದು ‘ದುರ್ನಯ’, ಅಂದರೆ ಏಕಾಂತವಾದ. ದೆಹಲಿಯ ನೆಹರೂ ಪ್ಲೇಸ್‌ನ ಅಂಗಡಿಗಳಲ್ಲಿ, ಸ್ವಂತ ಅಗತ್ಯಕ್ಕೆ ತಕ್ಕಂತೆ ದುಬಾರಿ ಕಂಪ್ಯೂಟರೊಂದನ್ನು ಜೋಡಿಸಿಕೊಳ್ಳಲು ಬಂದ ಗಿರಾಕಿ ‘ಸಬ್‌ಸೇ ಬಢಿಯಾ ಪ್ರೊಸೆಸರ್ ಕೌನ್‌ಸಾ’ (ಎಲ್ಲಕ್ಕಿಂತ ಒಳ್ಳೆಯ ಪ್ರೊಸೆಸರ್ ಯಾವುದು) ಎಂದು ವಿಚಾರಿಸುವಾಗ, ತಿಳಿಯದೆಯೇ ಇಂಥದೊಂದು ದುರ್ನಯದ ಹೊಸ್ತಿಲಲ್ಲಿ ನಿಂತಿರುತ್ತಾನೆ.

ಹದಿನೈದು ಶತಮಾನಗಳಷ್ಟು ಹಳೆಯ ತರ್ಕವನ್ನು ಸಿಲಿಕಾನ್ ಬಿಲ್ಲೆಗೆ ಅನ್ವಯಿಸುವುದು ಎಳೆದು ತಂದ ಸಂಬಂಧವೆಂದು ತೋರಬಹುದು. ಆದರೆ ಈ ತರ್ಕ ಬೆಳೆದದ್ದು ಮಡಕೆ, ಬಟ್ಟೆ, ಅಳತೆಯ ಕೊಳಗ ಮುಂತಾದ ಬಳಕೆಯ ವಸ್ತುಗಳನ್ನು ಮುಂದಿಟ್ಟುಕೊಂಡೇ. ದಿಗಂಬರ ಪರಂಪರೆ ಉಮಾಸ್ವಾಮಿಯೆಂದೂ ಶ್ವೇತಾಂಬರ ಪರಂಪರೆ ಉಮಾಸ್ವಾತಿಯೆಂದೂ ಕರೆಯುವ ಆಚಾರ್ಯನ ‘ತತ್ತ್ವಾರ್ಥಸೂತ್ರ’ಕ್ಕೆ ಕರ್ನಾಟಕದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯೆಂಬ ಟೀಕೆಯನ್ನೂ, ಎಂಟನೆಯ ಶತಮಾನದ ಅಕಲಂಕರು ‘ರಾಜವಾರ್ತಿಕ’ವನ್ನೂ ಬರೆದು, ನಯಗಳ ವಿಂಗಡಣೆಯನ್ನು ಗಟ್ಟಿಗೊಳಿಸಿದರು. ದೆಹಲಿಗೂ ಈ ಪರಂಪರೆ ಹೊರಗಿನದಲ್ಲ. ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಸಮೀಪದಲ್ಲೇ ಲಾಜಪತ್ ರಾಯ್ ಮಾರ್ಕೆಟ್ ಎಂಬ ಹಳೆಯ ಎಲೆಕ್ಟ್ರಾನಿಕ್ ಸರಕಿನ ಸಂತೆಯೂ ಇದೆ.

ಆಯ್ಕೆಯ ವಸ್ತುಗಳನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರೊಸೆಸರ್ ಎಂಬುದು ಕಂಪ್ಯೂಟರಿನ ಆದೇಶಗಳನ್ನು ನಡೆಸುವ ಚಿಪ್. ಅದರೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕಗಳಿಗೆ ಕೋರ್ ಎಂದೂ, ಪದೇ ಪದೇ ಬೇಕಾಗುವ ದತ್ತಾಂಶವನ್ನು ಪಕ್ಕದಲ್ಲೇ ಇಟ್ಟುಕೊಳ್ಳುವ ಅತಿವೇಗದ ಸ್ಮೃತಿಗೆ ಕ್ಯಾಶ್ ಎಂದೂ ಹೆಸರು. ಮದರ್‌ಬೋರ್ಡ್ ಎಂಬುದು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಸಂಗ್ರಹದ ಡ್ರೈವ್ ಇವೆಲ್ಲ ಕೂಡುವ ಹಲಗೆ. ಹಲಗೆಯ ಮೇಲೆ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಪ್ರೊಸೆಸರ್ ತಯಾರಕ ಎಎಂಡಿಯ ಈಗಿನ ಸಾಕೆಟ್ ಎಎಂ5, ಇಂಟೆಲ್‌ನ ಕೋರ್ ಅಲ್ಟ್ರಾ 200 ಸರಣಿಯದು ಎಲ್‌ಜಿಎ 1851. ಒಂದರದು ಇನ್ನೊಂದರಲ್ಲಿ ಕೂರುವುದಿಲ್ಲ. ಹಾಗಾಗಿ ಪ್ರೊಸೆಸರನ್ನು ಆರಿಸಿದವನು ಬೋರ್ಡಿನ ವಂಶವನ್ನೂ ಆರಿಸಿರುತ್ತಾನೆ, ಬೋರ್ಡನ್ನು ಆರಿಸಿದವನು ಮುಂದಿನ ಕೆಲವು ವರ್ಷಗಳ ಪ್ರೊಸೆಸರುಗಳನ್ನು ಮುಂಗಡವಾಗಿಯೇ ಆರಿಸಿರುತ್ತಾನೆ.

ಬೆಂಚ್‌ಮಾರ್ಕ್ ಎಂಬ ಅಳತೆ ನಯದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. 2024ರ ಆಗಸ್ಟ್‌ನಲ್ಲಿ ಬಂದ ಎಎಂಡಿಯ ರೈಜನ್ 9 9950ಎಕ್ಸ್‌ನಲ್ಲಿ 16 ಕೋರುಗಳೂ 64 ಎಂಬಿ ಮೂರನೆಯ ಹಂತದ ಕ್ಯಾಶೂ ಇವೆ. ಅದೇ ವರ್ಷದ ನವೆಂಬರಿನಲ್ಲಿ ಬಂದ ರೈಜನ್ 7 9800ಎಕ್ಸ್3ಡಿಯಲ್ಲಿ ಕೋರುಗಳು 8 ಮಾತ್ರ, ಆದರೆ ಕ್ಯಾಶ್ 96 ಎಂಬಿ. ಮೂರು ಆಯಾಮದ ಚಿತ್ರಗಳನ್ನು ರೆಂಡರ್ ಮಾಡುವ ಕೆಲಸ ಅನೇಕ ಕೋರುಗಳಿಗೆ ಹಂಚಿಹೋಗುವುದರಿಂದ ಅಲ್ಲಿ ಮೊದಲನೆಯದು ಬಹಳ ಮುಂದಿರುತ್ತದೆ. ಆಟಗಳಲ್ಲಿ ಕೆಲವೇ ಕೋರುಗಳು ಸಣ್ಣಸಣ್ಣ ದತ್ತಾಂಶಕ್ಕಾಗಿ ಮತ್ತೆ ಮತ್ತೆ ಕೈಚಾಚುವುದರಿಂದ ದೊಡ್ಡ ಕ್ಯಾಶ್ ಇರುವ ಎರಡನೆಯದು, ಬೆಲೆ ಕಡಿಮೆಯಿದ್ದರೂ, ಗೆಲ್ಲುತ್ತದೆ. ನೊಯ್ಡಾದ ಫಿಲ್ಮ್ ಸಿಟಿಯಲ್ಲಿ ವಿಡಿಯೊ ಸಂಕಲನ ಮಾಡುವವನೂ, ಗುರುಗ್ರಾಮದ ಫ್ಲ್ಯಾಟಿನಲ್ಲಿ ಆಟವಾಡುವವನೂ ಇವೆರಡರಲ್ಲಿ ಬೇರೆಬೇರೆಯದನ್ನು ಶ್ರೇಷ್ಠವೆಂದರೆ ಇಬ್ಬರೂ ಸರಿಯೇ. ಜಗಳ ಹುಟ್ಟುವುದು ಅಪೇಕ್ಷೆಯನ್ನು, ಅಂದರೆ ಯಾವ ದೃಷ್ಟಿಯಿಂದ ಎಂಬುದನ್ನು, ಮುಚ್ಚಿಟ್ಟು ಬರೀ ಶ್ರೇಷ್ಠತೆಯನ್ನು ಸಾರಿದಾಗ.

ಜೈನ ತರ್ಕ ಅಪೇಕ್ಷೆಯನ್ನು ಸಡಿಲವಾಗಿ ಬಿಡುವುದಿಲ್ಲ; ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನು, ಅಂದರೆ ಯಾವ ಪದಾರ್ಥದಿಂದಾದದ್ದು, ಎಲ್ಲಿ, ಯಾವಾಗ, ಯಾವ ಸ್ಥಿತಿಯಲ್ಲಿ ಎಂಬುದನ್ನು ಹೇಳಬೇಕೆನ್ನುತ್ತದೆ. ಇವುಗಳಲ್ಲಿ ಕ್ಷೇತ್ರ ಮತ್ತು ಕಾಲಗಳನ್ನು ದೆಹಲಿಯ ಖರೀದಿದಾರ ಮರೆಯುವಂತಿಲ್ಲ. ಬೆಂಚ್‌ಮಾರ್ಕ್ ಅಂಕಿಗಳು ಸಾಮಾನ್ಯವಾಗಿ ತಂಪಾದ ಕೋಣೆಗಳಲ್ಲಿ ತೆಗೆದವು. ಕೂಲರ್ ಮಾಡುವ ಕೆಲಸವೆಂದರೆ ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವುದು. ಕೋಣೆಯ ಗಾಳಿಯೇ 15 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬಿಸಿಯಲ್ಲಿ ನಿಲ್ಲುತ್ತದೆ. ಮೇಲಿನ ಎರಡೂ ಪ್ರೊಸೆಸರುಗಳು 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತವೆ. 2024ರ ಮೇ ಕೊನೆಯಲ್ಲಿ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ತಾಪಮಾನ 45 ಡಿಗ್ರಿಯನ್ನು ದಾಟಿತ್ತು. ಅಂಥ ಊರಿನಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟ 16 ಕೋರಿನ ಯಂತ್ರ, ಜನವರಿಯ ಚಳಿಯಲ್ಲಿ ಕೊಟ್ಟ ವೇಗವನ್ನು ಜೂನಿನಲ್ಲೂ ಕೊಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇದಕ್ಕೆ ಬಯಲು ಸೀಮೆಯ ದೂಳು, ದೀಪಾವಳಿಯ ಆಸುಪಾಸಿನ ಹೊಗೆಮಂಜು ಸೇರಿ, ಫ್ಯಾನಿನ ಬಲೆಗಳೂ ಕೂಲರಿನ ಸಂದುಗಳೂ ಬೇಗನೆ ಕಟ್ಟಿಕೊಳ್ಳುತ್ತವೆ.

ಬೋರ್ಡಿನ ವಿಷಯದಲ್ಲಿ ಅಂಗಡಿಯ ಮಾತು ಬಹುಮಟ್ಟಿಗೆ ಹೊರಮೈಗೇ ನಿಲ್ಲುತ್ತದೆ: ಬಣ್ಣದ ದೀಪ, ಲೋಹದ ಕವಚ, ಹೆಸರಿನ ಹಿಂದಿನ ಅಕ್ಷರಗಳು. ತೂಗಿ ನೋಡಬೇಕಾದದ್ದು ವಿಆರ್‌ಎಂ, ಅಂದರೆ ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಒಗ್ಗುವ ಸುಮಾರು 1.2 ವೋಲ್ಟಿಗೆ ಇಳಿಸುವ ಭಾಗ. 9950ಎಕ್ಸ್‌ನ ನಮೂದಿತ ಬಿಸಿಪ್ರಮಾಣ 170 ವ್ಯಾಟ್ ಆದರೂ ಅದು 230 ವ್ಯಾಟ್‌ವರೆಗೆ ಎಳೆಯಲು ಅವಕಾಶವಿದೆ, 1.2 ವೋಲ್ಟಿನಲ್ಲಿ 230 ವ್ಯಾಟ್ ಎಂದರೆ ಸುಮಾರು 190 ಆಂಪಿಯರ್ ವಿದ್ಯುತ್ತು ಹಲಗೆಯ ಒಂದು ಮೂಲೆಯಲ್ಲಿ ಹರಿಯಬೇಕು. ಈ ಭಾಗ ದುರ್ಬಲವಾಗಿದ್ದರೆ ಅತ್ಯಂತ ದುಬಾರಿ ಪ್ರೊಸೆಸರೂ ತನ್ನ ಹೆಸರಿಗೆ ತಕ್ಕ ಕೆಲಸ ಮಾಡಲಾರದು. ಎರಡು ಗ್ರಾಫಿಕ್ಸ್ ಕಾರ್ಡ್ ಹಾಕುವ ಉದ್ದೇಶವಿದ್ದವನು ಪ್ರೊಸೆಸರಿನಿಂದ ಬರುವ ದತ್ತಾಂಶ ಸಾಗುವ 16 ಪಿಸಿಐಇ ದಾರಿಗಳನ್ನು ಎಂಟೆಂಟಾಗಿ ಹಂಚಬಲ್ಲ ಬೋರ್ಡೇ ಬೇಕೆಂದು ಕೇಳಬೇಕು. ಎಲ್ಲ ಬೋರ್ಡುಗಳಿಗೂ ಆ ಸೌಲಭ್ಯವಿಲ್ಲ. ಅವಯವಗಳಿಂದಾದ ಅವಯವಿಗೆ, ಅಂದರೆ ಭಾಗಗಳಿಂದಾದ ಪೂರ್ಣವಸ್ತುವಿಗೆ, ಬೇರೆಯೇ ಅಸ್ತಿತ್ವವಿದೆಯೇ ಎಂದು ವೈಶೇಷಿಕರೂ ಬೌದ್ಧರೂ ಶತಮಾನಗಟ್ಟಲೆ ವಾದಿಸಿದ್ದಾರೆ. ಆ ವಾದ ಹೇಗೇ ಮುಗಿಯಲಿ, ಜೋಡಿಸಿದ ಕಂಪ್ಯೂಟರಿನ ಸಾಮರ್ಥ್ಯ ಭಾಗಗಳ ಬೆಲೆಪಟ್ಟಿಯ ಮೊತ್ತವಲ್ಲವೆಂಬುದರಲ್ಲಿ ಸಂಶಯವಿಲ್ಲ.

ತತ್ತ್ವಾರ್ಥಸೂತ್ರ ಏಳು ನಯಗಳನ್ನು ಹೇಳುತ್ತದೆ. ಅವುಗಳಲ್ಲಿ ವಸ್ತುಗಳ ಸಮಾನತೆಯನ್ನು ಹಿಡಿಯುವ ಸಂಗ್ರಹವೂ ಭೇದವನ್ನು ಹಿಡಿಯುವ ವ್ಯವಹಾರವೂ ಇಲ್ಲಿ ಹೆಚ್ಚಿನ ತೊಡಕನ್ನು ತರುವುದಿಲ್ಲ. ಶಬ್ದ, ಸಮಭಿರೂಢಗಳು ವ್ಯಾಕರಣದ ಕಡೆಗೆ ಎಳೆಯುತ್ತವೆ. ತೊಡಕಿರುವುದು ಮೊದಲನೆಯದಾದ ನೈಗಮದಲ್ಲಿ. ಇನ್ನೂ ಸಿದ್ಧಿಸದ ಸಂಕಲ್ಪವನ್ನೇ ವಸ್ತುವಾಗಿ ಗ್ರಹಿಸುವ ದೃಷ್ಟಿ ಅದು. ಕೊಡಲಿ ಹೊತ್ತು ಕಾಡಿಗೆ ಹೊರಟವನನ್ನು ಎಲ್ಲಿಗೆಂದು ಕೇಳಿದರೆ ಧಾನ್ಯ ಅಳೆಯುವ ಪ್ರಸ್ಥವನ್ನು ತರಲು ಎನ್ನುತ್ತಾನೆ, ಮರವನ್ನು ಇನ್ನೂ ಕಡಿದಿಲ್ಲ, ಆದರೂ ಅವನ ಮಾತು ಸುಳ್ಳಲ್ಲ ಎಂಬುದು ಪೂಜ್ಯಪಾದರು ಕೊಡುವ ಉದಾಹರಣೆ. ಮುಂದೆ ಹೊಸ ಪ್ರೊಸೆಸರ್ ಹಾಕಿಕೊಳ್ಳುವ ಉದ್ದೇಶದಿಂದ ಈಗಲೇ ದುಬಾರಿ ಬೋರ್ಡ್ ಕೊಳ್ಳುವವನ ದೃಷ್ಟಿಯೂ ನೈಗಮವೇ. ಆ ಸಂಕಲ್ಪಕ್ಕೆ ಆಧಾರವಿರಬಹುದು: ಎಎಂಡಿಯ ಹಿಂದಿನ ಎಎಂ4 ಸಾಕೆಟ್ಟಿನ 2017ರ ಹಲವು ಬೋರ್ಡುಗಳಲ್ಲಿ, ಬಯೋಸ್ ಎಂಬ ಮೂಲ ತಂತ್ರಾಂಶವನ್ನು ನವೀಕರಿಸಿದರೆ, 2022ರ ರೈಜನ್ 7 5800ಎಕ್ಸ್3ಡಿ ನಡೆಯಿತು. ಆಧಾರವಿಲ್ಲದಿರಲೂಬಹುದು: ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 2021ರಲ್ಲಿ ಬಂದು, ಹನ್ನೆರಡರಿಂದ ಹದಿನಾಲ್ಕನೆಯ ತಲೆಮಾರಿನವರೆಗಿನ ಪ್ರೊಸೆಸರುಗಳಿಗೆ ಒದಗಿ, 2024ರಲ್ಲಿ ತನ್ನ ಸ್ಥಾನವನ್ನು ಎಲ್‌ಜಿಎ 1851ಕ್ಕೆ ಬಿಟ್ಟುಕೊಟ್ಟಿತು. ಮುಂದೆಂದೋ ಬೇಕಾದೀತೆಂದು ಇಂದು ಹಣ ತೆರುವವನು ತನ್ನ ಸಂಕಲ್ಪಕ್ಕೆ ಸಾಕೆಟ್ಟಿನ ಆಯುಷ್ಯದ ಬೆಂಬಲವಿದೆಯೇ ಎಂದು ಪರೀಕ್ಷಿಸದಿದ್ದರೆ, ಅವನದು ನೈಗಮಾಭಾಸ, ನೈಗಮದಂತೆ ತೋರುವ ತಪ್ಪು ದೃಷ್ಟಿ.

ಇದಕ್ಕೆ ತೀರ ವಿರುದ್ಧವಾದದ್ದು ಋಜುಸೂತ್ರ, ವರ್ತಮಾನ ಕ್ಷಣವೊಂದನ್ನೇ ಸತ್ಯವೆಂದು ಹಿಡಿಯುವ ನಯ. 2023ರ ಅಕ್ಟೋಬರಿನಲ್ಲಿ ಬಂದ ಇಂಟೆಲ್‌ನ ಕೋರ್ ಐ9-14900ಕೆ 6 ಗಿಗಾಹರ್ಟ್ಸ್ ವೇಗವನ್ನು ಮುಟ್ಟಿ ಹಲವು ಬೆಂಚ್‌ಮಾರ್ಕ್ ಪಟ್ಟಿಗಳ ಮೇಲ್ತುದಿಗೇರಿತ್ತು. ಮರುವರ್ಷವೇ ಹದಿಮೂರು, ಹದಿನಾಲ್ಕನೆಯ ತಲೆಮಾರಿನ ಇಂಥ ಪ್ರೊಸೆಸರುಗಳು ಬಳಸುತ್ತ ಬಳಸುತ್ತ ಅಸ್ಥಿರವಾಗುತ್ತಿವೆಯೆಂಬ ದೂರುಗಳು ಎದ್ದು, ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳುವ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ತಂತ್ರಾಂಶ) ದೋಷವನ್ನು ಇಂಟೆಲ್ ಒಪ್ಪಿಕೊಂಡಿತು; ಆಗಸ್ಟ್‌ನಲ್ಲಿ ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬೋರ್ಡ್ ತಯಾರಕರು ಕಾರ್ಖಾನೆಯ ಸೆಟ್ಟಿಂಗ್‌ನಲ್ಲೇ ವಿದ್ಯುತ್ ಮಿತಿಗಳನ್ನು ಸಡಿಲಬಿಟ್ಟಿದ್ದದ್ದೂ ಆಗ ಚರ್ಚೆಗೆ ಬಂತು. ಕ್ಷಣದ ಅಂಕಿ ಸುಳ್ಳಾಗಿರಲಿಲ್ಲ. ವಸ್ತುವಿಗೆ ಅವಧಿಯೆಂಬ ಧರ್ಮವೂ ಉಂಟೆಂಬುದು ಆ ಅಂಕಿಯಲ್ಲಿ ಕಾಣುತ್ತಿರಲಿಲ್ಲ.

ಇಷ್ಟಾದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಶಂಕರಾಚಾರ್ಯರು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ, ಎಲ್ಲವೂ ಹೀಗೂ ಇರಬಹುದು ಹಾಗೂ ಇರಬಹುದು ಎಂಬ ಅನಿಶ್ಚಿತ ಜ್ಞಾನ ಪ್ರಮಾಣವಾಗಲಾರದು, ಅಂಥ ಉಪದೇಶವನ್ನು ನಂಬಿ ಯಾರೂ ಪ್ರವೃತ್ತರಾಗಲಾರರು ಎಂಬ ಅರ್ಥದಲ್ಲಿ, ವಸ್ತುವಿಗೆ ಅನೇಕ ಮುಖಗಳಿವೆಯೆಂಬ ಜೈನರ ಅನೇಕಾಂತವನ್ನು ಖಂಡಿಸುತ್ತಾರೆ. ಎಲ್ಲ ಪ್ರೊಸೆಸರೂ ಒಂದಲ್ಲ ಒಂದು ದೃಷ್ಟಿಯಿಂದ ಒಳ್ಳೆಯದೇ ಎಂದುಕೊಂಡವನು ನೆಹರೂ ಪ್ಲೇಸ್‌ನಿಂದ ಬರಿಗೈಯಲ್ಲಿ ಮರಳಬೇಕಾದೀತು ಎಂಬುದು ಈ ಆಕ್ಷೇಪದ ಇಂದಿನ ರೂಪ. ಆಕ್ಷೇಪ ಬಲವಾದದ್ದು, ಆದರೆ ಗುರಿ ತಪ್ಪಿದೆ. ಜೈನರು ಹೇಳಿಕೆಗೆ ಸೇರಿಸುವ ‘ಸ್ಯಾತ್’ ಎಂಬ ಪದ ಸಂಶಯವನ್ನು ಸೂಚಿಸದೆ ಅಪೇಕ್ಷೆಯನ್ನು ಸೂಚಿಸುತ್ತದೆ. ಅಪೇಕ್ಷೆಯನ್ನು ಹೇಳಿದ ಬಳಿಕ ಪ್ರತಿಯೊಂದು ಭಂಗವೂ, ಅಂದರೆ ಹೇಳಿಕೆಯ ಪ್ರತಿಯೊಂದು ರೂಪವೂ, ‘ಏವ’ಕಾರದಿಂದ, ಅಂದರೆ ‘ಖಂಡಿತವಾಗಿಯೇ’ ಎಂಬ ಒತ್ತಿನಿಂದ ಕೂಡಿರುತ್ತದೆ. ರೆಂಡರಿಂಗಿನ ದೃಷ್ಟಿಯಿಂದ 16 ಕೋರಿನದೇ ಮೇಲು ಎಂಬಲ್ಲಿ ಯಾವ ಅಳುಕೂ ಇಲ್ಲ. ಅನಿಶ್ಚಯದಲ್ಲಿ ತೊಳಲುವವನು ತನ್ನ ಅಪೇಕ್ಷೆ ಏನೆಂದು ತಿಳಿಯದ ಗಿರಾಕಿ.

ಅಪೇಕ್ಷೆಯನ್ನು ನಿಶ್ಚಯಿಸಲು ಕೊನೆಯ ನಯವಾದ ಏವಂಭೂತ ನೆರವಾಗುತ್ತದೆ. ವಸ್ತು ತನ್ನ ಹೆಸರು ಸೂಚಿಸುವ ಕ್ರಿಯೆಯಲ್ಲಿ ತೊಡಗಿರುವಾಗ ಮಾತ್ರ ಆ ಹೆಸರಿಗೆ ಅರ್ಹ ಎಂಬುದು ಇದರ ನಿಲುವು. ಆಳುತ್ತಿರುವಾಗಲೇ ಇಂದ್ರ, ಪೂಜೆ ಮಾಡುವಾಗ ಅಲ್ಲ. ಇಷ್ಟು ಕಠಿಣವಾದ ಅಳತೆಗೋಲನ್ನು ಎಲ್ಲೆಡೆ ಹಿಡಿಯಲಾಗದು, ಆದರೂ ದುಬಾರಿ ಯಂತ್ರದ ವಿಷಯದಲ್ಲಿ ಅದು ಬೇಕಾದ ಪ್ರಶ್ನೆಯನ್ನೇ ಕೇಳುತ್ತದೆ: ಈ 16 ಕೋರುಗಳು ವಾರದಲ್ಲಿ ಎಷ್ಟು ಗಂಟೆ ದುಡಿಯುತ್ತವೆ? ಎಷ್ಟು ಸಾಕೆಂಬ ಈ ಪ್ರಶ್ನೆ ಜೈನ ಆಚಾರದಲ್ಲೂ ಇದೆ: ಗೃಹಸ್ಥನ ಐದು ಅಣುವ್ರತಗಳಲ್ಲಿ, ಅಂದರೆ ಚಿಕ್ಕ ವ್ರತಗಳಲ್ಲಿ, ಪರಿಗ್ರಹ ಪರಿಮಾಣವೂ ಒಂದು. ಹೊಲ, ಮನೆ, ಚಿನ್ನ, ಧಾನ್ಯ ಮುಂತಾದವು ತನಗೆ ಇಷ್ಟೇ ಸಾಕೆಂದು ಆಸೆ ಕೆರಳುವ ಮೊದಲೇ ಮಿತಿ ಹಾಕಿಕೊಳ್ಳುವುದು ಅದರ ತಿರುಳು, ಮತ್ತು ಪರಿಗ್ರಹವನ್ನು ತತ್ತ್ವಾರ್ಥಸೂತ್ರ ಅಳೆಯುವುದು ವಸ್ತುಗಳ ಎಣಿಕೆಗಿಂತ ಅವುಗಳ ಮೇಲಿನ ಮೋಹದಿಂದ. ಮಿತಿಯನ್ನು ಅಂಗಡಿಗೆ ಹೋಗುವ ಮುನ್ನ ಗೊತ್ತುಮಾಡಿಕೊಂಡವನಿಗೆ ಅಂಗಡಿಯವನ ಮಾತು ಮಾಹಿತಿಯಾಗುತ್ತದೆ, ಇಲ್ಲದವನಿಗೆ ಆಮಿಷವಾಗುತ್ತದೆ. ಹೆಚ್ಚೆಂದರೆ ಯಾವಾಗಲೂ ಒಳ್ಳೆಯದೆಂಬ ನಂಬಿಕೆಯನ್ನು ಯಂತ್ರವೇ ಒಮ್ಮೊಮ್ಮೆ ಮುರಿಯುತ್ತದೆ: 9000 ಸರಣಿಯ ರೈಜನ್‌ಗಳಿಗೆ ಎರಡು ಡಿಡಿಆರ್5 ರ‍್ಯಾಮ್ ಕಡ್ಡಿಗಳಿದ್ದಾಗ ಅಧಿಕೃತ ವೇಗ ಸೆಕೆಂಡಿಗೆ 5600 ಮೆಗಾಟ್ರಾನ್ಸ್‌ಫರ್; ನಾಲ್ಕು ಕಡ್ಡಿ ತುಂಬಿದರೆ ಅದು 3600ಕ್ಕೆ ಇಳಿಯುತ್ತದೆ.

ಮಿತಿಯ ಪ್ರಶ್ನೆ ಕೊಳ್ಳುವವನ ಮನಸ್ಸಿನೊಳಗೇ ಮುಗಿಯುವುದಿಲ್ಲ. ಸಾಕೆಟ್ ಬದಲಾದಾಗ ಕೆಲಸ ಮಾಡುವ ಸ್ಥಿತಿಯಲ್ಲಿರುವ ಬೋರ್ಡೂ ಬೇಡವಾಗುತ್ತದೆ, ಮತ್ತು ಹಾಗೆ ಬೇಡವಾದ ಸರಕಿನ ದೊಡ್ಡ ಪಾಲು ಸೇರುವ ಸ್ಥಳಗಳಲ್ಲೊಂದು ಈಶಾನ್ಯ ದೆಹಲಿಯ ಸೀಲಂಪುರ. ಅಲ್ಲಿನ ಅನೌಪಚಾರಿಕ ಕಾರ್ಯಾಗಾರಗಳಲ್ಲಿ ಹಲಗೆಗಳನ್ನು ಬರಿಗೈಯಿಂದ ಬಿಚ್ಚುವುದು, ಚಿನ್ನ ತಾಮ್ರಗಳಿಗಾಗಿ ಆಮ್ಲದಲ್ಲಿ ಅದ್ದುವುದು, ಸುಡುವುದು ಬಹುಕಾಲದಿಂದ ನಡೆದುಬಂದಿದೆ. ಅದರ ಹೊಗೆಯನ್ನು ಉಸಿರಾಡುವವರು ಯಾವ ಬೆಂಚ್‌ಮಾರ್ಕನ್ನೂ ಕಂಡವರಲ್ಲ. ಅಹಿಂಸೆಯನ್ನು ಮೊದಲ ವ್ರತವಾಗಿಟ್ಟ ದರ್ಶನ ಈ ಸರಪಳಿಯನ್ನು ಆಯ್ಕೆಯ ಹೊರಗಿನದೆಂದು ಬಿಡಲಾರದು. ಹಾಗಾಗಿ ದೀರ್ಘಾಯುಷ್ಯದ ಸಾಕೆಟ್, ಸಾಧಾರಣ ಅಲಂಕಾರದ ಆದರೆ ಗಟ್ಟಿ ವಿಆರ್‌ಎಂ ಇರುವ ಬೋರ್ಡ್, ದಿನನಿತ್ಯ ದುಡಿಯುವಷ್ಟೇ ಕೋರುಗಳ ಪ್ರೊಸೆಸರ್ ಇವುಗಳ ಕಡೆಗೆ ತೀರ್ಪು ವಾಲುತ್ತದೆ. ರೆಂಡರಿಂಗನ್ನೇ ವೃತ್ತಿಯಾಗಿಸಿಕೊಂಡವರು 16 ಕೋರು ಕೊಂಡರೆ ಅದೂ ಈ ಮಿತಿಯೊಳಗಿನದೇ. ಹಳೆಯ ಬೋರ್ಡನ್ನು ಗುಜರಿಯವನ ಚೀಲಕ್ಕೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತರಾದ ಮರುಬಳಕೆದಾರರಿಗೇ ತಲಪಿಸಬೇಕು.