ಅಭಯವೇ ಸಸ್ಯಾಹಾರದ ಸಾರ

ಕುಂಬಳೆ ಸೀಮೆಯ ಅನಂತಪುರ ಕ್ಷೇತ್ರವನ್ನು ಅರಿಯದ ಆಸ್ತಿಕರು ಕಾಸರಗೋಡಿನ ಈ ನಾಡಿನಲ್ಲಿ ವಿರಳ. ಸುತ್ತಲೂ ಮುರಕಲ್ಲಿನ ಪಾರೆ, ನಡುವೆ ಸರೋವರ, ಸರೋವರದ ಮಧ್ಯದಲ್ಲಿ ಶ್ರೀ ಅನಂತಪದ್ಮನಾಭನ ಗರ್ಭಗೃಹ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಇದೇ ಮೂಲಸ್ಥಾನವೆಂಬ ನಂಬಿಕೆ ಕನ್ನಡಿಗರಲ್ಲಿಯೂ ಮಲಯಾಳಿಗಳಲ್ಲಿಯೂ ಸಮಾನವಾಗಿ ಬೆಳೆದುಬಂದಿದೆ. ಈ ಸರೋವರದಲ್ಲಿ ಬಹುಕಾಲದಿಂದ ಬಬಿಯಾ ಎಂಬ ಮೊಸಳೆಯೊಂದು ವಾಸವಾಗಿತ್ತು. ಪೂಜೆಯ ಅನಂತರ ಅರ್ಚಕರು ನೀಡುತ್ತಿದ್ದ ನೈವೇದ್ಯದ ಅನ್ನವನ್ನು ಅದು ಸ್ವೀಕರಿಸುತ್ತಿತ್ತು. 2022ರ ಅಕ್ಟೋಬರ್ 9ರಂದು ಅದು ಅಸುನೀಗಿದಾಗ ಜನರು ಗುಂಪುಗುಂಪಾಗಿ ಬಂದು ಅಂತಿಮದರ್ಶನ ಪಡೆದರು. ಕ್ಷೇತ್ರದ ಆವರಣದಲ್ಲಿಯೇ ಅದಕ್ಕೆ ಸಮಾಧಿಯಾಯಿತು. ಮರುವರ್ಷ, 2023ರ ನವೆಂಬರಿನಲ್ಲಿ, ಅದೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ಬಬಿಯಾ ಸಸ್ಯಾಹಾರಿಯೆಂದು ಭಕ್ತರು ಕೊಂಡಾಡಿದರು. ಪ್ರಾಣಿಶಾಸ್ತ್ರದ ದೃಷ್ಟಿಯಲ್ಲಿ ಮೊಸಳೆಯು ಮಾಂಸಾಹಾರಿಯೇ ಸರಿ. ನೀರಿನ ಮೀನನ್ನು ಅದು ಮುಟ್ಟಲೇ ಇಲ್ಲವೆಂದು ಪ್ರಮಾಣಮಾಡಿ ಹೇಳುವುದು ಕಷ್ಟ. ಆದರೆ ಇದರಿಂದ ಆ ಕ್ಷೇತ್ರದ ಮಹಿಮೆಗೆ ಕುಂದೇನೂ ಇಲ್ಲ. ಅರ್ಚಕರು ಸಮೀಪಕ್ಕೆ ಹೋಗಿ ಅನ್ನವಿಕ್ಕುತ್ತಿದ್ದರು. ಅದು ಯಾರಿಗೂ ಕೇಡು ಮಾಡಿದುದಿಲ್ಲವೆಂದು ಊರವರು ಒಮ್ಮತದಿಂದ ಹೇಳುತ್ತಾರೆ. ಕಚ್ಚಬಲ್ಲ ಬಾಯಿ ಕಚ್ಚದೆ ಉಳಿದುದೇ ಅಲ್ಲಿನ ವಿಶೇಷ. ಅದರ ಉದರದಲ್ಲಿ ಏನಿತ್ತೆಂಬುದಕ್ಕಿಂತ ಅದರ ಸಮೀಪದಲ್ಲಿ ಭಯವಿರಲಿಲ್ಲವೆಂಬುದೇ ದೊಡ್ಡದು.

ಸಸ್ಯಾಹಾರವೆಂದರೇನೆಂಬುದನ್ನು ಈ ಮೂಕಪ್ರಾಣಿಯ ದೃಷ್ಟಾಂತದಿಂದ ವಿಚಾರಮಾಡತಕ್ಕದ್ದು. ಕನ್ನಡದಲ್ಲಿ ಸಸ್ಯಾಹಾರಿಯೆಂದೂ ಮಲಯಾಳದಲ್ಲಿ ಸಸ್ಯಭುಕ್ಕೆಂದೂ ಕರೆಯುವರಷ್ಟೆ. ಎರಡು ಶಬ್ದಗಳೂ ಬಾಯಿಯೊಳಗೆ ಹೋಗುವುದನ್ನು ಮಾತ್ರ ಹೇಳುತ್ತವೆ. ಬಾಯಿಯಿಂದ ಹೊರಡುವುದನ್ನು ಹೇಳುವುದಿಲ್ಲ. ಆಹಾರವು ಶುದ್ಧವಾದರೆ ಅಂತಃಕರಣವು ಶುದ್ಧವಾಗುವುದೆಂದು ಛಾಂದೋಗ್ಯೋಪನಿಷತ್ತು ಬೋಧಿಸುತ್ತದೆ. ಶ್ರೀ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಆಹಾರವೆಂಬುದಕ್ಕೆ ಇಂದ್ರಿಯಗಳ ಮೂಲಕ ಒಳಗೆ ತಂದುಕೊಳ್ಳುವ ವಿಷಯಗಳೆಂದು ವಿಸ್ತಾರವಾದ ಅರ್ಥವನ್ನು ಹೇಳಿದ್ದಾರೆ. ಆದುದರಿಂದ ಕಣ್ಣು ಉಣ್ಣುವುದೂ ಆಹಾರ, ಕಿವಿ ಉಣ್ಣುವುದೂ ಆಹಾರ. ಎಲೆಯ ಮೇಲೆ ಸೊಪ್ಪು ತರಕಾರಿ ಬಡಿಸಿಕೊಂಡು ಕಿವಿಯಲ್ಲಿ ಪರನಿಂದೆಯನ್ನು ಸವಿಯುವವನ ಊಟ ಶುದ್ಧವಾಯಿತೆಂದು ಹೇಗೆ ತಾನೆ ಹೇಳಬಹುದು?

ಮಹಾಭಾರತದ ಅರಣ್ಯಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನ ಕಥೆ ಬರುತ್ತದೆ. ಅವನು ಮರದ ಕೆಳಗೆ ಕುಳಿತು ವೇದಾಧ್ಯಯನ ಮಾಡುತ್ತಿದ್ದಾಗ ಮೇಲಿದ್ದ ಬಕಪಕ್ಷಿಯೊಂದು ಅವನ ಮೇಲೆ ಹಿಕ್ಕೆ ಹಾಕಿತು. ಅವನು ಸಿಟ್ಟಿನಿಂದ ನೋಡಿದ ಮಾತ್ರಕ್ಕೆ ಹಕ್ಕಿ ಸತ್ತು ಕೆಳಗೆ ಬಿದ್ದಿತು. ಅವನ ಕೈಯಲ್ಲಿ ಕತ್ತಿಯಿರಲಿಲ್ಲ. ಹಕ್ಕಿಯನ್ನು ತಿನ್ನುವ ಆಸೆಯೂ ಇರಲಿಲ್ಲ. ಆದರೂ ಕೊಲೆ ನಡೆದುಹೋಯಿತು. ಬಳಿಕ ಭಿಕ್ಷೆಗೆ ಹೋದಲ್ಲಿ ಒಬ್ಬ ಗೃಹಿಣಿಯು, ತಾನು ಆ ಬಕಪಕ್ಷಿಯಲ್ಲವೆಂದು ಅವನ ಕೋಪವನ್ನು ತಡೆದು, ಧರ್ಮವನ್ನು ಕಲಿಯಲು ಮಿಥಿಲೆಯ ಧರ್ಮವ್ಯಾಧನಲ್ಲಿಗೆ ಕಳುಹಿದಳು. ಆ ವ್ಯಾಧನು ಮಾಂಸದ ಅಂಗಡಿಯಲ್ಲಿ ಕುಳಿತಿದ್ದವನು. ಆದರೆ ವೃದ್ಧ ಮಾತಾಪಿತೃಗಳನ್ನು ದೇವರೆಂದು ಸೇವಿಸುತ್ತಿದ್ದವನು. ವೇದ ಬಲ್ಲವನು ಅವನ ಮುಂದೆ ಶಿಷ್ಯನಾಗಿ ನಿಲ್ಲಬೇಕಾಯಿತು.

ಹಾಗಾದರೆ ಮನಸ್ಸು ಶುದ್ಧವಿದ್ದರೆ ಸಾಕು, ಎಲೆಯಲ್ಲಿ ಏನಿದ್ದರೇನು ಎಂದು ಯಾರಾದರೂ ಕೇಳಬಹುದು. ಅದು ಸಲ್ಲದು. ಮಾಂಸ ಮಾರುತ್ತಿದ್ದ ಆ ಧರ್ಮವ್ಯಾಧನೇ ತಾನು ಮಾಂಸ ತಿನ್ನುವವನಲ್ಲವೆಂದು ಹೇಳುತ್ತಾನೆ. ನಾಲಗೆಯನ್ನು ಗೆಲ್ಲದವನು ಕೋಪವನ್ನು ಗೆಲ್ಲುವುದು ದೂರದ ಮಾತು. ಸಸ್ಯಾಹಾರವು ಮೊದಲನೆಯ ಮೆಟ್ಟಿಲು. ಮೆಟ್ಟಿಲಿನ ಮೇಲೆಯೇ ನಿಂತು ತಾನು ಗರ್ಭಗುಡಿಯನ್ನು ಸೇರಿದೆನೆಂದು ಬೀಗುವುದು ಮಾತ್ರ ಅವಿವೇಕ.

ಸಂಕಲ್ಪದ ಸೂಕ್ಷ್ಮವನ್ನು ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯು ತೋರಿಸಿಕೊಡುತ್ತದೆ. ಯಶೋಧರ ರಾಜನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯವನ್ನು ಮೀರಲಾರದೆ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಕಡಿದುದು ಹಿಟ್ಟನ್ನೇ, ಆದರೆ ಕಡಿಯುವ ಭಾವವು ನಿಜವಾಗಿತ್ತು. ಅದರ ಫಲವಾಗಿ ತಾಯಿಮಕ್ಕಳು ಪ್ರಾಣಿಗಳಾಗಿ ಜನ್ಮಜನ್ಮಾಂತರಗಳಲ್ಲಿ ನೊಂದರು. ಕೊನೆಗೆ ಮನುಷ್ಯರಾಗಿ ಹುಟ್ಟಿ, ತಮ್ಮನ್ನೇ ಬಲಿಕೊಡಲು ಕತ್ತಿ ಹಿಡಿದಿದ್ದ ಮಾರಿದತ್ತರಾಜನಿಗೆ ಈ ಕಥೆಯನ್ನು ಹೇಳಿ ಅವನ ಮನಸ್ಸನ್ನು ತಿರುಗಿಸಿದರು. ಆ ಜನ್ಮದಲ್ಲಿ ಅವರ ಹೆಸರುಗಳು ಅಭಯರುಚಿ, ಅಭಯಮತಿ. ಅಹಿಂಸೆಯ ದಾರಿಯು ಅಭಯದಲ್ಲಿ ಮುಗಿಯುವುದೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ಯಾವನಿಂದ ಲೋಕವು ಅಂಜದೋ ಅಂತಹ ಭಕ್ತನು ತನಗೆ ಪ್ರಿಯನೆಂದು ಭಗವಂತನೂ ಗೀತೆಯ 12ನೆಯ ಅಧ್ಯಾಯದಲ್ಲಿ ಅಪ್ಪಣೆಕೊಡಿಸಿದ್ದಾನೆ.

ಆದುದರಿಂದ ಸಸ್ಯಾಹಾರಿಯು ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕಾದುದು ಅಡುಗೆಮನೆಯಲ್ಲಿ ಮಾತ್ರವಲ್ಲ. ಕೂಲಿಯಾಳು ಸಂಜೆ ಕೂಲಿ ಕೇಳಲು ಅವನ ಜಗಲಿಗೆ ಅಂಜಿ ಬರುತ್ತಾನೆಯೇ? ನೆರೆಯ ವಿಧವೆಯ ಗಡಿಕಲ್ಲು ಇದ್ದಲ್ಲಿಯೇ ಇದೆಯೇ, ವರ್ಷಕ್ಕೊಂದು ಗೇಣು ಸರಿಯುತ್ತಿದೆಯೇ? ಹಾಲು ಬತ್ತಿದ ಹಸುವಿಗೆ ಹಟ್ಟಿಯಲ್ಲಿ ಹುಲ್ಲು ಉಂಟೇ? ಸೊಸೆಯು ಅವನ ದನಿ ಕೇಳಿ ಬೆಚ್ಚುತ್ತಾಳೆಯೇ? ಈ ಪ್ರಶ್ನೆಗಳಿಗೆ ಉತ್ತರ ಸರಿಯಾಗಿಲ್ಲದಿದ್ದರೆ, ಮೀನನ್ನು ಮುಟ್ಟದಿದ್ದರೂ ಅವನು ಮನುಷ್ಯರನ್ನು ತಿನ್ನುತ್ತಿರುವನೆಂದೇ ತಿಳಿಯಬೇಕು. ಲೆಕ್ಕದ ಒಂದು ಪುಟದಲ್ಲಿ ಪುಣ್ಯವನ್ನು ಬರೆದು ಇನ್ನೊಂದು ಪುಟವನ್ನು ಮಡಚಿಟ್ಟರೆ ದೇವರ ಮುಂದೆ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಮಾತು ಉಂಟು. ಈ ಸೀಮೆಯಲ್ಲಿ ದೇವಸ್ಥಾನದ ನೈವೇದ್ಯವು ಸಾತ್ತ್ವಿಕವಾದುದು. ಅದೇ ಊರಿನ ದೈವದ ಕೋಲದಲ್ಲಿ ಕೋಳಿಯನ್ನು ಒಪ್ಪಿಸುವ ಮನೆತನಗಳೂ ಇವೆ. ಕಡಲಿನಲ್ಲಿ ಬಲೆ ಬೀಸಿ ಬದುಕುವವರು ವ್ರತದ ದಿನ ಮೀನನ್ನು ಬಿಟ್ಟು, ಮಿಂದು ಮಡಿಯುಟ್ಟು ದೇವರ ನಡೆಗೆ ಬರುತ್ತಾರೆ. ಆ ಒಂದು ದಿನದ ತ್ಯಾಗವು, ಹುಟ್ಟಿನಿಂದಲೇ ರುಚಿ ಅರಿಯದವನ ನೂರು ದಿನಗಳ ನಿಯಮಕ್ಕಿಂತ ಕಡಿಮೆಯೆಂದು ಯಾರು ಹೇಳಬಲ್ಲರು? ಅವರನ್ನು ಹೀನವಾಗಿ ಕಾಣುವ ಕಣ್ಣು ಕೌಶಿಕನ ಕಣ್ಣು. ಸಸ್ಯಾಹಾರದಿಂದ ದಯೆ ಹುಟ್ಟಬೇಕೇ ಹೊರತು ತಿರಸ್ಕಾರ ಹುಟ್ಟಬಾರದು. ದಯೆ ಕಂಡಲ್ಲಿ ಇತರರೂ ತಾವಾಗಿ ಆ ದಾರಿ ಹಿಡಿಯುವರು. ತಿರಸ್ಕಾರ ಕಂಡಲ್ಲಿ ಯಾರೂ ಹಿಡಿಯರು.

ಈಗ ದೇವಾಲಯದ ಜೀರ್ಣವಾದ ಮರಗಳನ್ನು ತೆಗೆದು ಹೊಸ ಮರಗಳನ್ನಿಟ್ಟು ಮಾಡನ್ನು ನವೀಕರಿಸಲಾಗಿದೆ. ಬ್ರಹ್ಮಕಲಶೋತ್ಸವದ ಅನ್ನಸಂತರ್ಪಣೆಯಲ್ಲಿ ಊರೆಲ್ಲ ಎಲೆ ಹಾಕಿ ಕುಳಿತುಕೊಳ್ಳುವುದು. ಆ ದಿನ ಯಾರ ಎಲೆಯಲ್ಲಿಯೂ ಹಿಂಸೆಯಿರದು. ಪಂಕ್ತಿಯಲ್ಲಿ ಪಕ್ಕದವನನ್ನು ನೋಡುವ ನೋಟದಲ್ಲಿಯೂ ಹಿಂಸೆಯಿಲ್ಲದಿದ್ದರೆ ಜೀರ್ಣೋದ್ಧಾರವು ಪೂರ್ಣವಾಯಿತೆಂದೇ ಅರ್ಥ. ಅನಂತಪುರದ ಆ ಮೂಕಜೀವಿಯು ನೈವೇದ್ಯದ ಅನ್ನವನ್ನುಂಡು ಯಾರನ್ನೂ ಅಂಜಿಸದೆ ಬಾಳಿತು. ಅದೇ ಅನ್ನವನ್ನು ಉಣ್ಣುವ ಮಾತು ಬಲ್ಲ ಮನುಷ್ಯನಿಗೂ ಸ್ವಾಮಿಯು ಅಂತಹ ಬಾಳನ್ನು ಕರುಣಿಸಲಿ.

ಮಂಗಳಮಸ್ತು.